ಮೈ ಕೆರೆಯುವ ನಾಯಿಗೆ ಯಾವ ಊಟ ಕೊಡಬೇಕು? ಕರಾವಳಿಯಲ್ಲಿ ಕಂಡದ್ದು

ಸುರತ್ಕಲ್‌ನಿಂದ ಒಬ್ಬರು ಕೇಳಿದ್ದಾರೆ. ಅವರ ಮನೆಯ ಲ್ಯಾಬ್ರಡಾರ್‌ಗೆ ಎರಡು ವರ್ಷ. ವರ್ಷವಿಡೀ ಪಾದ ನೆಕ್ಕುತ್ತದೆ, ಹೊಟ್ಟೆಯ ಕೆಳಗೆ ಕೆಂಪಾಗಿದೆ, ಕಿವಿ ವಾಸಿಯಾದ ಹಾಗೆ ಆಗಿ ಮತ್ತೆ ಸೋರುತ್ತದೆ. ಇಂಜೆಕ್ಷನ್ ಕೊಡಿಸಿದರೆ ಕೆಲವು ದಿನ ಆರಾಮ, ಆಮೇಲೆ ಮೊದಲಿನ ಹಾಗೆಯೇ. ಫುಡ್ ಬ್ರಾಂಡ್ ಮೂರು ಸಲ ಬದಲಿಸಿಯೂ ಆಗಿದೆ. ಇನ್ನು ಗ್ರೇನ್ ಫ್ರೀ (ಧಾನ್ಯ ಹಾಕದ ಫುಡ್) ತರಬೇಕಾ, ಇಲ್ಲ ಮನೆಯ ಗಂಜಿ-ಮೀನಿಗೆ ಬರಬೇಕಾ, ಅನುಭವ ಇದ್ದವರು ಹೇಳಿ ಅಂದಿದ್ದಾರೆ.

ಈಗಾಗಲೇ ತುಂಬಾ ಜನ ‘ಚಿಕನ್ ಬಿಡಿ, ಮೀನು ಕೊಡಿ’ ಅಂದಿದ್ದಾರೆ. ಬೇರೆ ಊರಿನ ನಾಯಿಗೆ ಇದು ಒಳ್ಳೆಯ ಸಲಹೆಯೇ. ಆದರೆ ನಮ್ಮ ಕಡೆ ಮೊದಲು ಒಂದು ವಿಷಯ ಯೋಚಿಸಬೇಕು ಮಾರಾಯ್ರೆ. ಆಹಾರದ ಅಲರ್ಜಿ ಬರುವುದು ನಾಯಿ ಹಿಂದೆ ತಿಂದು ಅಭ್ಯಾಸವಾದ ಪ್ರೋಟೀನ್‌ಗೆ. ಹಾಗಾಗಿ ಪರೀಕ್ಷೆಗೆ ಇಡುವ ಊಟ ಅದು ಯಾವತ್ತೂ ತಿನ್ನದೇ ಇದ್ದದ್ದು ಆಗಿರಬೇಕು. ಮಂಗಳೂರು, ಉಡುಪಿಯ ಎಷ್ಟು ಮನೆಗಳಲ್ಲಿ ನಾಯಿಗೆ ಮೀನು ಹೊಸದು ಹೇಳಿ? ಮರಿ ಇದ್ದಾಗಿನಿಂದ ಬೂತಾಯಿ ತಲೆ, ಬಂಗುಡೆ ಬೇಯಿಸಿದ ನೀರು ಹಾಕಿ ಕಲಸಿದ ಕುಚ್ಚಲಕ್ಕಿ ಅನ್ನ ತಿಂದೇ ಬೆಳೆದಿರುತ್ತದೆ. ಪುಸ್ತಕದಲ್ಲಿ ಮೀನು ‘ಹೊಸ ಪ್ರೋಟೀನ್’ ಎಂದು ಬರೆದಿದ್ದರೂ ನಿಮ್ಮ ನಾಯಿಗೆ ಅದು ಹಳೆಯದೇ ಇರಬಹುದು.

ನಮ್ಮ ರಾಣಿಗೂ ಇದೇ ತೊಂದರೆ ಇತ್ತು. ಲ್ಯಾಬ್ ಮಿಶ್ರಣದ ನಾಯಿ, ನಾವಿರುವುದು ಮಂಗಳೂರಿನ ಬಿಜೈ ಹತ್ತಿರ. ಅವಳಿಗೆ ಆಗದೇ ಇದ್ದದ್ದು ಕೋಳಿ ಎಂದು ಗೊತ್ತಾಯಿತು. ಅದನ್ನು ಪತ್ತೆ ಮಾಡಿದ ರೀತಿಯನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂರು ಬ್ರಾಂಡ್ ಬದಲಿಸಿಯೂ ಉತ್ತರ ಸಿಗದ ನಿಮಗೆ ಬೇಕಾದದ್ದು ಅದೇ ಎಂದು ನನಗೆ ಅನಿಸುತ್ತದೆ.

ಊಟಕ್ಕೆ ಕೈ ಹಾಕುವ ಮೊದಲು ಚರ್ಮ ನೋಡಿಸಿ. ಇಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಮಳೆ ಇಲ್ಲದಾಗಲೂ ಸೆಕೆ, ಬೆವರು. ಇಂಥ ಹವೆಯಲ್ಲಿ ಉಣ್ಣಿ, ಚಿಗಟ, ಫಂಗಸ್ ಎಲ್ಲ ಚೆನ್ನಾಗಿ ಬೆಳೆಯುತ್ತವೆ. ಬೆರಳುಗಳ ನಡುವೆ, ಕಿವಿಯೊಳಗೆ ಹುಳಿ ವಾಸನೆ, ಕಂದು ಬಣ್ಣದ ಅಂಟು ಇದ್ದರೆ ಮಲಸೀಜಿಯಾ ಎಂಬ ಯೀಸ್ಟ್ ಇರುವ ಸಾಧ್ಯತೆ ಜಾಸ್ತಿ. ಡಾಕ್ಟರ್ ಕಿವಿಯ ಕೊಳೆ ಒರೆಸಿ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಬಾಲದ ಬುಡ, ಸೊಂಟದ ಹತ್ತಿರ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಚಿಗಟದ ಎಂಜಲಿಗೇ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು, ಮೈ ಮೇಲೆ ಒಂದೂ ಕಾಣದಿದ್ದರೂ ಕೆರೆಯುತ್ತಿರುತ್ತದೆ. ಇವನ್ನೆಲ್ಲ ಸರಿ ಮಾಡದೆ ಊಟ ಬದಲಿಸಿದರೆ ಏನೂ ತಿಳಿಯುವುದಿಲ್ಲ. ಮಣಿಪಾಲದ ನನ್ನ ಗೆಳತಿಯ ಪಗ್‌ಗೆ ಮುಖದ ಮಡಿಕೆ ಒರೆಸಿ ಒಣಗಿಸುವುದು, ಫಂಗಸ್‌ಗೆ ಔಷಧಿ ಶಾಂಪೂ, ಇಷ್ಟರಲ್ಲೇ ಕೆರೆತ ನಿಂತಿತು. ಊಟದಲ್ಲಿ ತಪ್ಪೇ ಇರಲಿಲ್ಲ.

ಧೂಳಿನ ನುಸಿ, ಬೂಸ್ಟು, ಹೂವಿನ ಪರಾಗಕ್ಕೆ ಬರುವ ಅಲರ್ಜಿಯೂ ನೋಡಲು ಹೀಗೆಯೇ ಇರುತ್ತದೆ. ಅದೂ ಪಾದ, ಕಿವಿ, ಹೊಟ್ಟೆ. ಆಹಾರದ ಅಲರ್ಜಿಗಿಂತ ಅದೇ ಜಾಸ್ತಿ ಕಾಣುವಂಥದ್ದು. ಕೆಲವು ನಾಯಿಗಳಿಗೆ ಎರಡೂ ಇರುತ್ತವೆ. ವರ್ಷವಿಡೀ ಒಂದೇ ಸಮ ಇದ್ದು, ಜೊತೆಗೆ ಆಗಾಗ ಸಡಿಲ ಕಕ್ಕ, ಹೊಟ್ಟೆ ಗುಡುಗುಡು, ಗುದದ ಹತ್ತಿರ ನೆಕ್ಕುವುದು ಇದ್ದರೆ ಊಟದ ಮೇಲೆ ಅನುಮಾನ ಪಡಬಹುದು. ನಾಯಿಗೆ ಒಂದು ವರ್ಷ ತುಂಬುವ ಮೊದಲೇ ಶುರುವಾಗಿದ್ದರೆ ಅನುಮಾನ ಇನ್ನೂ ಹೆಚ್ಚು.

ರಕ್ತ, ಎಂಜಲು, ಕೂದಲು ಕಳಿಸಿ ‘ಯಾವ ಆಹಾರ ಆಗುವುದಿಲ್ಲ’ ಎಂದು ಪಟ್ಟಿ ತರಿಸುವ ಪರೀಕ್ಷೆಗಳಿವೆ. ಆಹಾರದ ಅಲರ್ಜಿಗೆ ಇವನ್ನು ನಂಬುವ ಹಾಗಿಲ್ಲ. ಆರೋಗ್ಯವಾಗಿರುವ ನಾಯಿಗೂ ಉದ್ದದ ಪಟ್ಟಿ ಬರುತ್ತದೆ. ಆ ದುಡ್ಡು ಉಳಿಸಿ, ದಯವಿಟ್ಟು.

ನಂಬಬಹುದಾದ ದಾರಿ ಒಂದೇ, ಎಲಿಮಿನೇಷನ್ ಡಯಟ್. ಕನಿಷ್ಠ 8 ವಾರ ನಾಯಿಗೆ ಹೊಸದಾದ ಒಂದು ಮಾಂಸ, ಜೊತೆಗೆ ಒಂದು ಪಿಷ್ಟದ ಆಹಾರ, ಬೇರೆ ಏನೂ ಇಲ್ಲ. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚಿನವು ಈ 8 ವಾರಗಳೊಳಗೆ ಸುಧಾರಿಸುತ್ತವೆ. ಎರಡು ವಾರ ನೋಡಿ ‘ಏನೂ ಗುಣ ಇಲ್ಲ’ ಎಂದು ಬಿಡುವವರೇ ಜಾಸ್ತಿ. ಹೊಟ್ಟೆಯ ತೊಂದರೆ ಬೇಗ ಸರಿಹೋಗುತ್ತದೆ, ಚರ್ಮಕ್ಕೆ ತಡ. ಮೊದಲ ವಾರಗಳಲ್ಲಿ ತುರಿಕೆ ತಡೆಯಲು ಡಾಕ್ಟರ್ ಮಾತ್ರೆ ಕೊಟ್ಟರೆ ಕೊಡಿ, ಪಾಪ, ಅದು ಒದ್ದಾಡುವುದು ಬೇಡ. ಕೊನೆಯ ವಾರಗಳಲ್ಲಿ ಮಾತ್ರ ಮಾತ್ರೆ ನಿಲ್ಲಿಸಿ ನೋಡಲೇಬೇಕು. ಇಲ್ಲದಿದ್ದರೆ ಗುಣ ಮಾತ್ರೆಯದ್ದೋ ಊಟದ್ದೋ ತಿಳಿಯುವುದಿಲ್ಲ.

ಮಾಂಸ ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ. ಒಂದು ಕಾಗದ ತೆಗೆದುಕೊಂಡು ಮರಿಯಾಗಿದ್ದಾಗಿನಿಂದ ಏನೇನು ತಿಂದಿದೆ ಎಂದು ಮನೆಯವರೆಲ್ಲ ಸೇರಿ ಬರೆಯಿರಿ. ಕೆಲಸಕ್ಕೆ ಬರುವ ಅಕ್ಕ ಏನು ಕೊಡುತ್ತಾರೆ, ಪಕ್ಕದ ಮನೆಯ ಮಕ್ಕಳು ಏನು ಕೊಡುತ್ತಾರೆ, ಎಲ್ಲ ಬೇಕು. ನಾಯಿಗಳಲ್ಲಿ ಅಲರ್ಜಿ ಹೆಚ್ಚು ಕಂಡಿರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿಗೆ. ಉಡುಪಿ ಕಡೆಯ ಸಸ್ಯಾಹಾರಿ ಮನೆಗಳವರು ‘ನಮ್ಮ ನಾಯಿ ಮಾಂಸ ಮುಟ್ಟುವುದೇ ಇಲ್ಲ, ಹಾಗಾಗಿ ಊಟದ ಅಲರ್ಜಿ ಇರಲಿಕ್ಕಿಲ್ಲ’ ಅನ್ನುತ್ತಾರೆ. ಆದರೆ ದಿನಾ ಮೊಸರನ್ನ, ಹಾಲು, ಚಪಾತಿ ಕೊಡುತ್ತಾರಲ್ವಾ? ಆ ಪಟ್ಟಿಯಲ್ಲಿ ಇವೂ ಇವೆ. ಪಾರ್ಲೆ-ಜಿ ಬಿಸ್ಕತ್ತಿನಲ್ಲಿ ಗೋಧಿಯೂ ಇದೆ, ಹಾಲಿನ ಅಂಶವೂ ಇದೆ.

ರಾಣಿ ಕೋಳಿ, ಮೀನು, ಮೊಟ್ಟೆ, ಮೊಸರು ಎಲ್ಲ ತಿಂದಿದ್ದಳು. ಹಂದಿ ಮಾಂಸ ಮಾತ್ರ ನಮ್ಮ ಮನೆಗೆ ಬಂದೇ ಇರಲಿಲ್ಲ. ಮಂಗಳೂರಿನಲ್ಲಿ ಅದು ಸಿಗುವುದು ಕಷ್ಟವಲ್ಲ, ಹಾಗಾಗಿ ಡಾಕ್ಟರ್ ಅದನ್ನೇ ಹೇಳಿದರು. ಕೊಬ್ಬು ಪೂರ್ತಿ ತೆಗೆದು, ಚೆನ್ನಾಗಿ ಬೇಯಿಸಿ, ಬೇಯಿಸಿದ ಗೆಣಸಿನ ಜೊತೆ ಕೊಟ್ಟೆವು. ಉಪ್ಪು, ಮಸಾಲೆ ಏನೂ ಹಾಕಲಿಲ್ಲ. ಕೊಬ್ಬು ಬಿಟ್ಟರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ, ಅದು ಗಂಭೀರ ಕಾಯಿಲೆ. ನಿಮ್ಮ ಮನೆಯಲ್ಲಿ ಹಬ್ಬಕ್ಕೆಲ್ಲ ಪೋರ್ಕ್ ಮಾಡುವುದಿದ್ದರೆ ನಾಯಿಗೆ ಅದು ಹೊಸದಲ್ಲ, ಆಗ ಆಡಿನ ಮಾಂಸ ನೋಡಬಹುದು. ಕೋಳಿಯ ಬದಲು ಬಾತುಕೋಳಿಗೋ ಕ್ವೈಲ್‌ಗೋ ಹೋಗಬೇಡಿ. ಹಕ್ಕಿಗಳ ಮಾಂಸದಲ್ಲಿ ಒಂದಕ್ಕೆ ಇರುವ ಅಲರ್ಜಿ ಇನ್ನೊಂದಕ್ಕೂ ಇರಬಹುದು.

ಮಾಂಸ ಬೇಯಿಸಲು ಇಷ್ಟವಿಲ್ಲದವರಿಗೆ, ತಿನ್ನದೇ ಇದ್ದದ್ದು ಏನೂ ಉಳಿದಿಲ್ಲ ಅನ್ನುವವರಿಗೆ ಹೈಡ್ರೊಲೈಸ್ಡ್ ಫುಡ್ ಇದೆ. ಅದರಲ್ಲಿ ಪ್ರೋಟೀನನ್ನು ತುಂಬಾ ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ, ದೇಹಕ್ಕೆ ಸಾಮಾನ್ಯವಾಗಿ ಅದರ ಗುರುತು ಸಿಗುವುದಿಲ್ಲ. ರಾಯಲ್ ಕ್ಯಾನಿನ್ ಹೈಪೋಅಲರ್ಜೆನಿಕ್, ಹಿಲ್ಸ್ ಜೆಡ್/ಡಿ, ಫಾರ್ಮಿನಾ ವೆಟ್ ಲೈಫ್ ಅಲ್ಟ್ರಾಹೈಪೋ ಈ ಜಾತಿಯವು. ಬೆಲೆ ಜಾಸ್ತಿ. ಡಾಕ್ಟರ್ ಹತ್ತಿರ ಕೇಳಿಯೇ ತನ್ನಿ. ಅಂಗಡಿಯಲ್ಲಿ ಮಾಮೂಲಾಗಿ ಸಿಗುವ ‘ಲ್ಯಾಂಬ್’, ‘ಸಾಲ್ಮನ್’ ಪ್ಯಾಕೆಟ್ ಪರೀಕ್ಷೆಗೆ ಆಗುವುದಿಲ್ಲ. ಮುಂದೆ ಕುರಿಯ ಚಿತ್ರ ಇರುತ್ತದೆ, ಹಿಂದೆ ಸಣ್ಣ ಅಕ್ಷರ ಓದಿದರೆ ಚಿಕನ್ ಮೀಲ್, ಚಿಕನ್ ಫ್ಯಾಟ್, ಪೌಲ್ಟ್ರಿ ಇರುತ್ತದೆ. ನಿಮ್ಮ ಮೂರೂ ಬ್ರಾಂಡ್‌ಗಳ ಹಿಂಬದಿ ಒಮ್ಮೆ ಓದಿ ನೋಡಿ. ಮೂರರಲ್ಲೂ ಕೋಳಿ ಇದ್ದರೆ ಆಶ್ಚರ್ಯವಿಲ್ಲ. ಪಟ್ಟಿಯಲ್ಲಿ ಬರೆಯದ ಮಾಂಸದ ಅಂಶ ಪ್ಯಾಕೆಟ್‌ನಲ್ಲಿ ಸಿಕ್ಕಿದ್ದನ್ನೂ ಪರೀಕ್ಷೆಗಳು ತೋರಿಸಿವೆ.

ಗ್ರೇನ್ ಫ್ರೀ ಬಗ್ಗೆ ನನ್ನ ಅಭಿಪ್ರಾಯ ನೇರ: ಸುಮ್ನೆ ತರಬೇಡಿ. ಧಾನ್ಯಕ್ಕಿಂತ ಮಾಂಸ, ಹಾಲಿಗೆ ಅಲರ್ಜಿ ಜಾಸ್ತಿ. ಗ್ರೇನ್ ಫ್ರೀ ಪ್ಯಾಕೆಟ್‌ನಲ್ಲೂ ಕೋಳಿ ಇರುತ್ತದೆ. ಬಟಾಣಿ, ಬೇಳೆ ಹೆಚ್ಚಿರುವ ಇಂಥ ಫುಡ್‌ಗೂ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇದೆಯಾ ಎಂದು ಅಮೆರಿಕದಲ್ಲಿ ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತ್ತು. ಖಚಿತ ಉತ್ತರ ಬಂದಿಲ್ಲ. ಅಗತ್ಯವೇ ಇಲ್ಲದ ಕಡೆ ಆ ಚಿಂತೆ ಯಾಕೆ?

ಪರೀಕ್ಷೆ ಕೆಡುವುದು ಹೆಚ್ಚಾಗಿ ಬಟ್ಟಲಿನ ಹೊರಗೆ. ಅಜ್ಜಿ ಚಹಾದ ಜೊತೆ ಕೊಡುವ ಬಿಸ್ಕತ್ತಿನ ತುಂಡು, ಬೆಕ್ಕಿನ ತಟ್ಟೆಯಲ್ಲಿ ಉಳಿದ ಮೀನು, ವಾಕಿಂಗ್ ಹೋದಾಗ ದಾರಿಯಲ್ಲಿ ಸಿಗುವ ಕೋಳಿ ಎಲುಬು. ಮನೆಯಲ್ಲಿ ಹಿರಿಯರಿಗೆ ಹೇಳುವುದೇ ಕಷ್ಟದ ಕೆಲಸ. ‘ಒಂದು ತುಂಡು ಕೊಟ್ಟರೆ ಏನಾಗ್ತದೆ’ ಅನ್ನುತ್ತಾರೆ, ಪ್ರೀತಿಯಿಂದಲೇ. ಅತ್ತೆಗೆ ಬೇಯಿಸಿದ ಗೆಣಸಿನ ತುಂಡುಗಳನ್ನು ಒಂದು ಡಬ್ಬದಲ್ಲಿ ಹಾಕಿಟ್ಟು ‘ಕೊಡಬೇಕು ಅನಿಸಿದಾಗ ಇದನ್ನು ಕೊಡಿ’ ಎಂದೆವು. ಅವರಿಗೂ ಸಮಾಧಾನ, ರಾಣಿಗೂ. ಇನ್ನೊಂದು, ಉಣ್ಣಿಗೆಂದು ಕೊಡುವ ಅಗಿಯುವ ಮಾತ್ರೆಗಳಲ್ಲಿ ಮಾಂಸದ ರುಚಿ ಸೇರಿಸಿರುತ್ತಾರೆ. ಈ ಸಮಯದಲ್ಲಿ ಕುತ್ತಿಗೆಯ ಮೇಲೆ ಹನಿ ಬಿಡುವ ಔಷಧಿ ಕೇಳಿ ಪಡೆಯಿರಿ. ಉಣ್ಣಿಯ ಔಷಧಿ ನಿಲ್ಲಿಸುವುದು ಮಾತ್ರ ಬೇಡ, ಇಲ್ಲಿ ಉಣ್ಣಿ ಜ್ವರ ಜೀವ ತೆಗೆಯುವ ಕಾಯಿಲೆ.

ಶುರು ಮಾಡಲು ನಮ್ಮ ಊರಿಗೆ ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ನಂತರ ಅನುಕೂಲ. ನಿಮ್ಮ ನಾಯಿ ಮೀನು ತಿಂದೇ ಇಲ್ಲ, ಮೀನನ್ನೇ ಆರಿಸುತ್ತೀರಿ ಅಂತಾದರಂತೂ ಜೂನ್ 1ರಿಂದ ಜುಲೈ 31ರವರೆಗೆ ಬೇಡವೇ ಬೇಡ. ಆಗ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟ್‌ಗಳಿಗೆ 61 ದಿನ ರಜೆ. ಮಲ್ಪೆ ಬಂದರಿನಲ್ಲೂ ಮಂಗಳೂರಿನ ಮೀನುಗಾರಿಕೆ ಧಕ್ಕೆಯಲ್ಲೂ ಒಂದೇ ಜಾತಿಯ ತಾಜಾ ಮೀನು ದಿನಾ ಸಿಗುವ ಭರವಸೆ ಇಲ್ಲ. ಐಸ್ ಸರಿಯಾಗಿ ಹಾಕದ ಬಂಗುಡೆ, ಬೂತಾಯಿಯಲ್ಲಿ ಅಲರ್ಜಿಯಂಥ ತೊಂದರೆ ತರಬಲ್ಲ ಹಿಸ್ಟಮಿನ್ ಎಂಬ ಅಂಶ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಒಣಮೀನು ಉಪ್ಪಿನಿಂದಾಗಿ ಯಾವತ್ತೂ ಬೇಡ.

ಮಳೆ ನಿಂತ ಮೇಲೆ ಶುರು ಮಾಡಿದರೆ ಇನ್ನೊಂದು ಅನುಮಾನ ಬರುತ್ತದೆ. ಗುಣವಾದದ್ದು ಊಟದಿಂದಲೋ, ಹವೆ ಒಣಗಿದ್ದರಿಂದಲೋ? ಅದಕ್ಕೇ 8 ವಾರ ಮುಗಿದ ಮೇಲೆ ಹಳೆಯ ಊಟವನ್ನು ಮತ್ತೆ ಕೊಟ್ಟು ನೋಡಬೇಕು. ಚೆನ್ನಾಗಿರುವ ನಾಯಿಗೆ ಮತ್ತೆ ಯಾಕೆ ತೊಂದರೆ ಎಂದು ಇದನ್ನು ಬಿಡುತ್ತಾರೆ. ನನಗೂ ಮನಸ್ಸಿರಲಿಲ್ಲ. ಆದರೆ ತುರಿಕೆ ಮರಳಿ ಬಂದರೆ ಮಾತ್ರ ಅದು ಆಹಾರದ ಅಲರ್ಜಿ ಎಂದು ಹೇಳಬಹುದು. ಸಾಮಾನ್ಯವಾಗಿ ಎರಡು ವಾರದೊಳಗೆ ಬರುತ್ತದೆ. ಬಂದ ಕೂಡಲೇ ನಿಲ್ಲಿಸಿ, ಮತ್ತೆ ಪರೀಕ್ಷೆಯ ಊಟಕ್ಕೆ ಬನ್ನಿ, ಶಾಂತವಾದ ಮೇಲೆ ಒಂದೊಂದೇ ಪದಾರ್ಥ ಸೇರಿಸಿ ನೋಡಿ. ರಾಣಿಗೆ ಕೋಳಿ ಸೇರಿಸಿದ ವಾರದಲ್ಲೇ ಕಿವಿ ಕೆಂಪಾಯಿತು. ಮೀನು, ಮೊಟ್ಟೆ, ಅನ್ನ ಯಾವುದೂ ಏನೂ ಮಾಡಲಿಲ್ಲ. ಈಗ ಬೂತಾಯಿ ಬೇಯಿಸಿ ಮುಳ್ಳು ಬಿಡಿಸಿ ಆರಾಮಾಗಿ ಕೊಡುತ್ತೇವೆ. ಅದರ ಒಮೆಗಾ-3 ಕೊಬ್ಬು ಚರ್ಮಕ್ಕೂ ಒಳ್ಳೆಯದು. ಪರೀಕ್ಷೆ ಮಾಡದೆ ಎಲ್ಲವನ್ನೂ ನಿಲ್ಲಿಸಿದ್ದರೆ ಅವಳಿಗೆ ಇಷ್ಟದ ಮೀನೂ ತಪ್ಪುತ್ತಿತ್ತು.

ಮನೆ ಅಡುಗೆ ಕಾಯಂ ಮಾಡುವುದಾದರೆ ಸ್ವಲ್ಪ ಜಾಗ್ರತೆ ಬೇಕು. ಬರೀ ಅನ್ನ, ಎಲುಬಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಸತು, ಅಯೋಡಿನ್, ವಿಟಮಿನ್ ಡಿ, ಇ ಕೂಡ ಸಾಲುವುದಿಲ್ಲ. ಬೆಳೆದ ನಾಯಿಗೆ 8 ವಾರ ನಡೆಯುತ್ತದೆ, ಮರಿಗೆ ಅದೂ ಬೇಡ. ಮೊಟ್ಟೆ ಚಿಪ್ಪಿನ ಪುಡಿ ಒಂದು ಟೀ ಚಮಚದಲ್ಲಿ ಹತ್ತಿರ ಹತ್ತಿರ 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಎಷ್ಟು ಹಾಕಬೇಕೆಂದು ತೂಕ ನೋಡಿ ಡಾಕ್ಟರ್ ಹೇಳಬೇಕು. ಪರೀಕ್ಷೆಯ ಸಮಯದಲ್ಲಿ ಚಿಪ್ಪು ಬೇಡ, ಅದರಲ್ಲಿ ಮೊಟ್ಟೆಯ ಅಂಶ ಉಳಿದಿರುತ್ತದೆ.

ನಮ್ಮ ಅಡುಗೆಯಲ್ಲಿ ನಾಯಿಗೆ ವಿಷವಾಗುವುದನ್ನೂ ಹೇಳಿಬಿಡುತ್ತೇನೆ. ಕೋಳಿ ಸುಕ್ಕ, ಗಸಿ ಎಲ್ಲದರಲ್ಲೂ ಈರುಳ್ಳಿ, ಬೆಳ್ಳುಳ್ಳಿ ಇದೆ. ದೇಹದ ತೂಕ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತಕಣ ಒಡೆಯಲು ಸಾಕು. 5 ಕಿಲೋದ ಸಣ್ಣ ನಾಯಿಗೆ ಅದು ಒಂದು ಈರುಳ್ಳಿಯಷ್ಟೇ. ಬೇಯಿಸಿದರೂ ವಿಷ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುವುದು ತುಂಬಾ ಜನರಿಗೆ ಗೊತ್ತು. ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬಹುದು ಎಂದು ಈಗ ಪಶುವೈದ್ಯರು ಹೇಳುತ್ತಾರೆ, ಹುಣಸೆಯಲ್ಲೂ ಅದೇ ಆಮ್ಲ ತುಂಬಾ ಇದೆ. ಹುಣಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ವರದಿಗಳೂ ಇವೆ. ಹಾಗಾಗಿ ಹುಣಸೆ ಹಾಕಿ ಮಾಡುವ ಪುಳಿಮುಂಚಿಯ ಗಟ್ಟಿ ಸಾರು ಅನ್ನಕ್ಕೆ ಕಲಸಿ ಹಾಕುವುದು ಬೇಡ. ಮಸಾಲೆ ಹಾಕುವ ಮೊದಲೇ ನಾಯಿಯ ಪಾಲು ತೆಗೆದಿಡಿ.

ಒಣ ಫುಡ್ ಕೊಡುವವರು ದೊಡ್ಡ ಚೀಲ ತಂದು ಮಳೆಗಾಲವಿಡೀ ಇಡಬೇಡಿ. ತೇವಕ್ಕೆ ಬೂಸ್ಟು, ನುಸಿ ಬರುತ್ತದೆ, ಆ ನುಸಿಯೇ ಅಲರ್ಜಿ ಕೆರಳಿಸಬಹುದು. ಸಣ್ಣ ಪ್ಯಾಕೆಟ್, ಅದರ ಚೀಲದ ಸಮೇತ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಒಂದು ತಿಂಗಳೊಳಗೆ ಖಾಲಿ.

ಸುರತ್ಕಲ್‌ನವರೇ, ನೀವು ಈ ವಾರ ಕಿವಿಯನ್ನು ಡಾಕ್ಟರ್‌ಗೆ ತೋರಿಸಿ, ಸೋರುವ ಕಿವಿಯನ್ನು ಊಟದ ಫಲಿತಾಂಶಕ್ಕೆ ಕಾಯಿಸಬೇಡಿ. ನಾಯಿ ಈವರೆಗೆ ತಿಂದದ್ದರ ಪಟ್ಟಿಯನ್ನೂ ಮೂರು ಪ್ಯಾಕೆಟ್‌ಗಳ ಹಿಂದೆ ಬರೆದಿರುವುದನ್ನೂ ಇಲ್ಲಿ ಹಾಕಿ. ಯಾವ ಮಾಂಸ ಉಳಿದಿದೆ ಎಂದು ಎಲ್ಲರೂ ಸೇರಿ ನೋಡೋಣ. ಅದನ್ನೇ ಡಾಕ್ಟರ್ ಮುಂದೆ ಇಟ್ಟು ನೀವು ಕೇಳಬಹುದು.