ಮಲ್ನಾಡ್ ಮಳೇಲಿ ದಿನಾ ಕೀ ಕೊಡೋ ವಾಚ್ ಕಟ್ಬಹುದಾ?

ಮೂಡಿಗೆರೆ_ಕಾಫಿಹೂ:
ದೊಡ್ಡಪ್ಪ ತಮ್ಮ ಎಚ್‌ಎಂಟಿ ಪೈಲಟ್ ವಾಚ್ ನಂಗೆ ಕೊಟ್ಟಿದಾರೆ, ಕಪ್ಪು ಡಯಲ್, 17 ಜ್ಯುವೆಲ್ಸು (ಒಳಗೆ ಸವೆತ ತಡಿಯೋ ಚಿಕ್ಕ ಕಲ್ಲುಗಳು), ಕೀ ಕೊಡೋದು. ಬೀರುನಲ್ಲಿ ಇಡಕ್ಕೆ ಮನಸಿಲ್ಲ, ದಿನಾ ಕಟ್ಬೇಕು ಅಂತ ಆಸೆ. ಚಿಕ್ಕಮಗಳೂರಿಗೆ ಬೈಕಲ್ಲೇ ಓಡಾಟ, ಆಫೀಸಲ್ಲಿ ದಿನಪೂರ್ತಿ ಲ್ಯಾಪ್‌ಟಾಪ್ ಮುಂದೆ. ಮೊದ್ಲು ಟೈಮ್ ಸರಿ ತೋರಿಸ್ತಿತ್ತು, ಈಗ ದಿನಕ್ಕೆ ಹತ್ತು ನಿಮಿಷ ಮುಂದೆ ಓಡ್ತಿದೆ. ಡಯಲ್ ಮೇಲೆ ಚುಕ್ಕೆ ಬೇರೆ ಬಂದಿದೆ, ಅಂಗಡೀಲಿ ಹೊಸ ಪೇಂಟ್ ಹೊಡೆಸಿ ಅಂದ್ರು. ಹೊಡೆಸ್ಲಾ? ಆರ್ದ್ರಾ ಮಳೆನೂ ಹತ್ರ ಬಂತು.

ಹಾಸನದವ:
ದಯವಿಟ್ಟು ಪೇಂಟ್ ಮಾತ್ರ ಹೊಡೆಸ್ಬೇಡಿ! ಆನ್‌ಲೈನಲ್ಲಿ ಮಾರೋ ಹಳೆ ಎಚ್‌ಎಂಟಿಗಳಲ್ಲಿ ಡಯಲ್ ಬಣ್ಣ ಬದ್ಲಾಯಿಸಿರೋವೇ ರಾಶಿ ಇವೆ, ಒರಿಜಿನಲ್ ಡಯಲ್ ಒಂದ್ಸಲ ಕೆರೆದ್ರೆ ಮತ್ತೆ ಬರಲ್ಲ. ಚುಕ್ಕೆ ಇರ್ಲಿ ಬಿಡಿ.

ಹತ್ತು ನಿಮಿಷ ಮುಂದೆ ಅಂದ್ರೆ ನಂಗೆ ಮೊದ್ಲು ಅನುಮಾನ ಮ್ಯಾಗ್ನೆಟ್ ಮೇಲೆ. ಲ್ಯಾಪ್‌ಟಾಪ್ ಸ್ಪೀಕರಲ್ಲಿ, ಕೆಲವು ಫೋನ್ ಕವರಲ್ಲೂ ಮ್ಯಾಗ್ನೆಟ್ ಇರುತ್ತೆ, ಒಳಗಿನ ಹೇರ್‌ಸ್ಪ್ರಿಂಗ್ (ಕೂದಲಂಥ ತೆಳು ಸುರುಳಿ) ಸುತ್ತುಗಳು ಒಂದಕ್ಕೊಂದು ಅಂಟ್ಕೊಂಡ್ರೆ ಸ್ಪ್ರಿಂಗ್ ಗಿಡ್ಡ ಆದಂಗೆ, ಟೈಮ್ ಅಳೆಯೋಕೆ ಹಿಂದೆ ಮುಂದೆ ಆಡೋ ಚಕ್ರ, ಬ್ಯಾಲೆನ್ಸ್ ವೀಲ್, ಬೇಗ ಬೇಗ ಆಡುತ್ತೆ. ಒಂದು ಚಿಕ್ಕ ದಿಕ್ಸೂಚಿ ಹತ್ರ ಹಿಡೀರಿ, ಮುಳ್ಳು ಜೋರಾಗಿ ತಿರುಗಿದ್ರೆ ಅದೇ. ಮ್ಯಾಗ್ನೆಟ್ ತೆಗೆಯೋ ಮೆಷಿನ್ ಇರೋ ರಿಪೇರಿಯವ್ರ ಹತ್ರ ಒಂದು ನಿಮಿಷದ ಕೆಲ್ಸ. ಆಮೇಲೂ ಸರಿ ಹೋಗ್ದಿದ್ರೆ ಬಿಚ್ಚಿ ತೊಳೆದು ಹೊಸ ಆಯಿಲ್ ಹಾಕಿಸ್ಬೇಕು.

ಸಕಲೇಶಪುರ_ಘಾಟಿ:
ಮಳೆ ವಿಷ್ಯ ನಾನು ಹೇಳ್ತೀನಿ ಮಾರಾಯ್ರೆ. ಅಷ್ಟು ಹಳೆ ವಾಚಲ್ಲಿ ನೀರು ಒಳಗೆ ಹೋಗ್ದಂಗೆ ಹಾಕಿರೋ ರಬ್ಬರ್ ರಿಂಗ್ ಒಣಗಿ ಹೋಗಿರುತ್ತೆ, ನೀರು ತಡಿಯುತ್ತೆ ಅಂತ ನಂಬ್ಲೇಬೇಡಿ. ಬೈಕಲ್ಲಿ ಹೋಗೋವಾಗ ಜಿಪ್ ಕವರಲ್ಲಿ ಹಾಕಿ ಒಳಜೇಬಲ್ಲಿ ಇಟ್ಕೊಳ್ಳಿ, ಆಫೀಸಿಗೆ ಹೋಗಿ ಕಟ್ಕೊಳ್ಳಿ. ಗ್ಲಾಸ್ ಒಳಗೆ ಮಂಜು ಕಂಡ್ರೆ ಒಣಗ್ಲಿ ಅಂತ ಕಾಯ್ಬೇಡಿ, ಅವತ್ತೇ ಬಿಚ್ಚಿಸಿ, ತುಕ್ಕು ಹಿಡಿದ್ರೆ ಕಷ್ಟ. ಲೆದರ್ ಬೆಲ್ಟಿಗೆ ನಮ್ಮೂರಲ್ಲಿ ಬೂಷ್ಟು ಗ್ಯಾರಂಟಿ, ನೈಲಾನ್ ಹಾಕಿ.

ಮೂಡಿಗೆರೆ_ಕಾಫಿಹೂ:
ತುಂಬಾ ಥ್ಯಾಂಕ್ಸ್. ಪೇಂಟ್ ಬೇಡ, ಡಯಲ್ ಹಂಗೇ ಇರ್ಲಿ. ಕೀ ಜಾಸ್ತಿ ಕೊಟ್ರೆ ಒಳಗಿನ ಮುಖ್ಯ ಸ್ಪ್ರಿಂಗ್ ಕಟ್ ಆಗುತ್ತೆ ಅಂತಾರಲ್ಲ, ನಿಜನಾ? ಪಾರ್ಟ್ಸ್ ಸಿಗುತ್ತಾ?

ಹಾಸನದವ:
ಬೆಳಿಗ್ಗೆ ಕೈಯಿಂದ ಬಿಚ್ಚಿಟ್ಟೇ ಕೀ ಕೊಡಿ, ಬಿಗಿಯಾಗಿ ನಿಂತ ತಕ್ಷಣ ಬಿಡಿ, ಅಲ್ಲಿಂದ ಮುಂದೆ ಬಲವಂತ ಮಾಡಿದ್ರೆ ಮಾತ್ರ ತೊಂದ್ರೆ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಲ್ಲಿ ಶುರುವಾದದ್ದು ಎಚ್‌ಎಂಟಿ ವಾಚ್ ಕಾರ್ಖಾನೆ, 2016ರಲ್ಲಿ ವಾಚ್ ಕಂಪ್ನಿನೇ ಮುಚ್ಚೋ ತೀರ್ಮಾನ ಆಯ್ತು, ಹಾಗಾಗಿ ಪಾರ್ಟ್ಸ್ ಬಹುಪಾಲು ಹಳೆ ವಾಚುಗಳಿಂದ್ಲೇ ಬರ್ಬೇಕು. ಅದೇ ಮಷಿನ್ ಇರೋ ಕೆಟ್ಟ ವಾಚ್ ಎಲ್ಲಾದ್ರೂ ಕಡಿಮೆಗೆ ಸಿಕ್ರೆ ತಗೊಂಡಿಡಿ. ಮತ್ತೆ ಮ್ಯಾಗ್ನೆಟ್ ತೆಗೆಸೋಕೆ ಹೋದಾಗ್ಲೇ ರಬ್ಬರ್ ರಿಂಗೂ ಹೊಸದು ಹಾಕಿಸ್ಬಿಡಿ, ಮಳೆಗೆ ಮುಂಚೆ.