ಸ್ವೀಡನ್ನಿನ ಸರೋವರದ ದ್ವೀಪಕ್ಕೆ ಬುದ್ಧ ಹೇಗೆ ಹೋದ? ತಿಳಿದವರು ಹೇಳಿ

ಎರಕದಮನೆ, ನಗರ್ತಪೇಟೆ

ಎಲ್ಲರಿಗೂ ನಮಸ್ಕಾರ. ಮಗಳು ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದಾಳೆ. ಹೋದ ಭಾನುವಾರ ಅಲ್ಲಿನ ಇತಿಹಾಸ ಮ್ಯೂಸಿಯಂನಿಂದ ಒಂದು ಫೋಟೋ ಕಳಿಸಿದಳು. ತಾವರೆ ಮೇಲೆ ಕೂತ ಕಂಚಿನ ಬುದ್ಧ. ಎತ್ತರ 8 ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ, ನನ್ನ ತೋರುಬೆರಳಿನಷ್ಟು. 6ನೇ ಶತಮಾನದ ಸುಮಾರಿಗೆ ಸ್ವಾತ್ ಕಣಿವೆಯ ಕಡೆ ಮಾಡಿದ್ದಂತೆ, ಅದು ಈಗ ಪಾಕಿಸ್ತಾನದಲ್ಲಿದೆ. ಸಿಕ್ಕಿದ್ದು ಮಾತ್ರ 1956ರಲ್ಲಿ, ಸ್ವೀಡನ್ನಿನ ಮೆಲಾರೆನ್ ಸರೋವರದ ಹೆಲ್ಗೋ ಎಂಬ ದ್ವೀಪದಲ್ಲಿ!

ನಮ್ಮಪ್ಪ ಎರಕದ ಕೆಲಸದವರು. ಗಂಟೆ, ದೀಪ, ಸಣ್ಣ ವಿಗ್ರಹ ಮಾಡುತ್ತಿದ್ದರು. ಶಾಲೆಯಿಂದ ಬಂದ ಮೇಲೆ ತಿದಿ ಒತ್ತುವುದು ನನ್ನ ಪಾಲು. ಹಾಗಾಗಿ ಈ ಪುಟ್ಟ ಮೂರ್ತಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಅದು ಅಷ್ಟು ದೂರ ಹೋಗಿದ್ದು ಹೇಗೆ? ಆ ದ್ವೀಪದಲ್ಲಿ ಏನಿತ್ತು, ಗುಡಿಯೋ ಸಂತೆಯೋ?

ಕೆರೆಏರಿ, ಜಯನಗರ

ಸರ್, ಮೊದಲು ಒಂದು ವಿಷಯ. ಆಗ ಅದು ಸರೋವರವೇ ಅಲ್ಲ. ಸಮುದ್ರದ ಕೊಲ್ಲಿ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಅಲ್ಲಿನ ನೆಲ ನಿಧಾನವಾಗಿ ಮೇಲೇಳುತ್ತಿದೆ, ಇವತ್ತಿಗೂ. ಸುಮಾರು ಸಾವಿರ ವರ್ಷದ ಹಿಂದೆ, ಅಲ್ಲಿನ ಕಡಲಯಾನಿಗಳಾದ ವೈಕಿಂಗರ ಕಾಲಕ್ಕೆ ನೀರಿನ ಮಟ್ಟ ಈಗಿಗಿಂತ ಸುಮಾರು 5 ಮೀಟರ್ ಮೇಲಿತ್ತು. ಬಾಲ್ಟಿಕ್ ಸಮುದ್ರದ ಹಡಗುಗಳು ನೇರವಾಗಿ ಒಳಗೆ ಬರುತ್ತಿದ್ದವು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಲ್ಲಿ ಧರ್ಮಾಂಬುಧಿ ಕೆರೆ ಇತ್ತು ಅಂದರೆ ನಂಬೋದು ಕಷ್ಟ ಅಲ್ವಾ? ಹಾಗೆಯೇ ಇದೂ. ನಮ್ಮದು ಮನುಷ್ಯರು ಮುಚ್ಚಿದ್ದು, ಅದು ನೆಲವೇ ಎದ್ದಿದ್ದು.

ಹೇಗೆ ಹೋಯಿತು ಅಂದರೆ, ಕೈಯಿಂದ ಕೈಗೆ. ರಷ್ಯಾದ ನದಿಗಳ ದಾರಿ ಇರಬಹುದು ಅಂತ ನನ್ನ ಅಂದಾಜು. ಪಕ್ಕದ ಬ್ಯೋರ್ಕೋ ದ್ವೀಪದಲ್ಲಿ ಬಿರ್ಕಾ ಅನ್ನುವ ಪೇಟೆ ಇತ್ತು. 8ನೇ ಶತಮಾನದ ನಡುವಿನಿಂದ 10ನೇ ಶತಮಾನದ ಕೊನೆಯವರೆಗೆ ನಡೆಯಿತು. ಅಲ್ಲಿನ ಗೋರಿಗಳಲ್ಲಿ ಅರಬರ ಬೆಳ್ಳಿ ನಾಣ್ಯ, ರೇಷ್ಮೆ ಎಲ್ಲ ಸಿಕ್ಕಿವೆ. ಹೆಲ್ಗೋ ಅದಕ್ಕಿಂತ ಹಳೆಯದು.

ಊರಿಗೆಬಂದವಳು

ನಾನು ಸ್ಟಾಕ್‌ಹೋಮ್‌ನಲ್ಲಿ ನಾಲ್ಕು ವರ್ಷ ಇದ್ದೆ. ಈ ಮೂರ್ತಿಯನ್ನು ಕಣ್ಣಾರೆ ನೋಡಿದ್ದೇನೆ. ಸಿಕ್ಕಾಗ ಅದರ ಕುತ್ತಿಗೆಗೂ ಕೈಗೂ ಚರ್ಮದ ಪಟ್ಟಿ ಸುತ್ತಿತ್ತಂತೆ. ಅಂದರೆ ಯಾರೋ ಎಲ್ಲೋ ತೂಗುಹಾಕಿರಬೇಕು, ಇಲ್ಲ ಮೈಮೇಲೆ ಕಟ್ಟಿಕೊಂಡಿರಬೇಕು. ಹೆಲ್ಗೋ ಅಂದರೆ ಪವಿತ್ರ ದ್ವೀಪ ಅಂತಲೇ ಅರ್ಥ. ಅದೇ ಅಗೆತದಲ್ಲಿ ಐರ್ಲೆಂಡಿನ ಬಿಷಪ್ಪರ ಕೋಲಿನ ತಲೆ, ಈಜಿಪ್ಟಿನ ಕಂಚಿನ ಸೌಟು, ಜೋಡಿ ಗಂಡುಹೆಣ್ಣಿನ ಚಿತ್ರ ಒತ್ತಿದ ಉಗುರಿನಷ್ಟು ಚಿನ್ನದ ತಗಡುಗಳೂ ಸಿಕ್ಕಿವೆ.

ನಿಮ್ಮ ಪ್ರಶ್ನೆಗೆ ಇದು ಮುಖ್ಯ ಅನ್ನಿಸುತ್ತೆ: ಅಲ್ಲಿ ದೊಡ್ಡ ಎರಕದ ಕೇರಿಯೇ ಇತ್ತು. ಒಡೆದ ಮಣ್ಣಿನ ಅಚ್ಚುಗಳು, ಲೋಹ ಕರಗಿಸುವ ಮೂಸೆಗಳು ರಾಶಿರಾಶಿ ಸಿಕ್ಕಿವೆ. ಬಟ್ಟೆಗೆ ಹಾಕುವ ಪಿನ್ನು, ಗುಂಡಿ ಅಲ್ಲೇ ಎರಕ ಹೊಯ್ಯುತ್ತಿದ್ದರು.

ಮಗಳಿಗೆ ಬೇಸಿಗೆಯಲ್ಲಿ ಬಿರ್ಕಾಕ್ಕೆ ಹೋಗಲು ಹೇಳಿ. ನಗರಸಭೆ ಕಟ್ಟಡದ ಹತ್ತಿರದಿಂದ ದೋಣಿ ಹೊರಡುತ್ತೆ.

ಎರಕದಮನೆ, ನಗರ್ತಪೇಟೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೂಸೆ ಅಂತ ಓದಿದ ತಕ್ಷಣ ಮೈ ಜುಮ್ಮೆಂದಿತು ತಾಯಿ.

ಕಂಚು ಕರಗಿಸಿ ಹೊಟ್ಟೆ ಹೊರೆಯುವವರ ಕೇರಿ ಅದು. ಅಲ್ಲಿ ತುಂಡು ಲೋಹ ಸಿಕ್ಕರೂ ಬಿಡುವವರಲ್ಲ. ನಮ್ಮಲ್ಲೂ ಹಾಗೇ. ಅಪ್ಪ ಹಳೇ ಪಾತ್ರೆ ತೂಕಕ್ಕೆ ಕೊಂಡು, ಅರದಿಂದ ಅಂಚು ಉಜ್ಜಿ ಬಣ್ಣ ನೋಡಿ, ಬಡಿದು ಮೂಸೆಗೆ ಹಾಕುತ್ತಿದ್ದರು. ಒಮ್ಮೆ ಆ ಗುಜರಿಯಲ್ಲಿ ಕಾಲು ಮುರಿದ ಒಂದು ಕೃಷ್ಣ ಬಂತು. ಅಪ್ಪ ಅದನ್ನು ಉಜ್ಜಲೇ ಇಲ್ಲ. ಪಂಚೆಯ ಅಂಚಲ್ಲಿ ಮುಖ ಒರೆಸಿದರು. "ಕಣ್ಣು ಬಿಡಿಸಿದವನ ಕೈ ಕಾಣ್ತಿದೆ ಕಣೋ, ಇದು ಬೇಡ" ಅಂದು ಮೇಲಿನ ಗೂಡಿನಲ್ಲಿಟ್ಟರು. ಕಂಚು ಸಾಲದೆ ಗಿರಾಕಿಗೆ ಇಲ್ಲ ಅಂದ ದಿನವೂ ಅದನ್ನು ಮುಟ್ಟಲಿಲ್ಲ. ಈಗ ಅದು ನಮ್ಮ ಮನೆಯಲ್ಲಿದೆ.

ಹೆಲ್ಗೋದ ಆ ಎರಕದವನಿಗೆ ಬುದ್ಧ ಯಾರು ಅಂತ ಗೊತ್ತಿತ್ತೋ ಇಲ್ಲವೋ. ಕೆಲಸ ಗೊತ್ತಿತ್ತು. ಅದಕ್ಕೇ ಮೂಸೆಗೆ ಹಾಕಲಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ.

ಇನ್ನೊಂದು ಸಲ ಹೋದಾಗ ಮೂರ್ತಿಯ ಬೆನ್ನಿನ ಕಡೆಯ ಫೋಟೋ ತೆಗಿ ಅಂತ ಮಗಳಿಗೆ ಹೇಳಿದ್ದೇನೆ. ಎರಕದವನ ಅವಸರ, ಸಮಾಧಾನ ಎರಡೂ ಬೆನ್ನಲ್ಲೇ ಕಾಣೋದು. ಬಂದ ತಕ್ಷಣ ಇಲ್ಲಿ ಹಾಕುತ್ತೇನೆ.