ಪದಚರ್ಚೆ: ಹುಳ ಸಾಕುವ ಊರಲ್ಲಿ ‘ಹುಳ ಹೊಡೆಯುವ ಯಂತ್ರ’ಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ನಾನು ಶಿಡ್ಲಘಟ್ಟದವನು, ರೇಷ್ಮೆ ಹುಳ ಸಾಕುವ ಊರು ನಮ್ಮದು. ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಪಾಂಪ್ಲೆಟ್ಟು, ಇಂಥವೇ ಕೆಲಸ. ಭಾಷೆ ಓದಿದವನಲ್ಲ. ಆದರೆ ದಿನಕ್ಕೆ ಒಂದು ಪದಕ್ಕಾದರೂ ತಲೆ ಕೆರೆದುಕೊಳ್ಳುತ್ತೇನೆ. ಈ ಸಲ ಕೆರೆದು ಕೆರೆದು ಸಾಕಾಗಿದೆ. ಅದಕ್ಕೇ ಈ ಗುಂಪಿನಲ್ಲಿ ಕೇಳುತ್ತಿದ್ದೇನೆ.

ಚಿಂತಾಮಣಿಯಲ್ಲಿ ನಮ್ಮ ಭಾವನದು ಎಲೆಕ್ಟ್ರಿಕಲ್ ಅಂಗಡಿ. ಎರಡು ಥರದ ಸಾಮಾನು ತರಿಸಿದ್ದಾರೆ. ಒಂದು, ಎಲ್ಲರಿಗೂ ಗೊತ್ತಿರುವ ಸೊಳ್ಳೆ ಬ್ಯಾಟು. ಇನ್ನೊಂದು, ಗೋಡೆಗೆ ನೇತುಹಾಕುವ ಪೆಟ್ಟಿಗೆ. ಒಳಗೆ ನೀಲಿ ಟ್ಯೂಬ್‌ಲೈಟು, ಅದರ ಮುಂದೆ ಕರೆಂಟ್ ಹರಿಯುವ ಕಂಬಿಗಳು, ಕೆಳಗೆ ಸತ್ತದ್ದು ಬೀಳೋಕೆ ಒಂದು ತಟ್ಟೆ. ಬೇಕರಿಯಲ್ಲಿ, ಹೋಟೆಲಿನಲ್ಲಿ ನೋಡಿರುತ್ತೀರಿ. ಡಬ್ಬದ ಮೇಲೆ ಬರೀ ಇಂಗ್ಲಿಷು. ‘ಒಂದು ಪುಟ ಕನ್ನಡದಲ್ಲಿ ಮಾಡಿಕೊಡಪ್ಪ, ಡಬ್ಬದೊಳಗೆ ಹಾಕಿ ಕೊಡ್ತೀನಿ’ ಅಂದರು ಭಾವ. ಅರ್ಧ ಗಂಟೆ ಕೆಲಸ ಅಂದುಕೊಂಡೆ. ಹದಿನೈದು ದಿನ ಆಯಿತು.

ಮೊದಲು ಬರೆದದ್ದು ‘ವಿದ್ಯುತ್ ಕೀಟನಾಶಕ ಯಂತ್ರ’. ನೋಡೋಕೆ ಗಂಭೀರವಾಗಿತ್ತು. ಒಂದು ಪ್ರತಿ ತೆಗೆದು ಭಾವನ ಅಂಗಡಿಯ ಗಾಜಿಗೆ ಅಂಟಿಸಿದೆವು. ಹಳ್ಳಿಯಿಂದ ಬಂದ ರೈತರೊಬ್ಬರು ಅದನ್ನ ಓದಿ ಒಂದು ಹೆಜ್ಜೆ ಹಿಂದೆ ಸರಿದರು. ‘ಔಷಧಿ ಮಿಷನ್ನಾ? ಬೇಡಪ್ಪ ಬೇಡ. ನಮ್ದು ಹುಳ ಸಾಕೋ ಮನೆ.’ ಔಷಧಿ ಅಲ್ಲ ಅಣ್ಣ, ಕರೆಂಟು ಅಂತ ಭಾವ ಎಷ್ಟು ಹೇಳಿದರೂ ಅವರ ಕಣ್ಣು ಆ ಚೀಟಿ ಮೇಲೇ ಇತ್ತು.

ಅವರದು ತಪ್ಪೇನಿಲ್ಲ. ಕೀಟವನ್ನ ನಾಶ ಮಾಡುವುದು ಕೀಟನಾಶಕ, ಪದ ಬಿಡಿಸಿದರೆ ಇಷ್ಟೇ. ಚಪ್ಪಲಿಯಲ್ಲಿ ಹೊಡೆದರೆ ಚಪ್ಪಲಿಯೂ ಕೀಟನಾಶಕವೇ. ಆದರೆ ಬಳಕೆಯಲ್ಲಿ ಆ ಪದ ಬಾಟಲಿಗೆ ಅಂಟಿಕೊಂಡಿದೆ. ಗೊಬ್ಬರದಂಗಡಿ ಬೋರ್ಡಿನಲ್ಲಿ ‘ಬೀಜ, ಗೊಬ್ಬರ, ಕೀಟನಾಶಕ’ ಅಂತ ಓದಿ ಓದಿ ನಮಗೆ ಅದು ವಿಷದ ಹೆಸರೇ ಆಗಿದೆ. ರೇಷ್ಮೆ ಮನೆಯವರಿಗಂತೂ ಕೇಳೋದೇ ಬೇಡ. ರೇಷ್ಮೆ ಹುಳುವೂ ಕೀಟವೇ ಅಲ್ವಾ? ನೊಣ ಸಾಯುವ ಔಷಧಿಗೆ ಅದೂ ಸಾಯುತ್ತದೆ. ಪಕ್ಕದ ತೋಟದಲ್ಲಿ ಟೊಮ್ಯಾಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಬೆಳೆಯೇ ಹೋಯಿತು. ಹುಳ ಮನೆಯಲ್ಲಿ ಸೊಳ್ಳೆ ಬತ್ತಿ ಕೂಡ ಹಚ್ಚುವ ಹಾಗಿಲ್ಲ. ನಮ್ಮಮ್ಮ ಹೊಗೆ ಬತ್ತಿಗೂ ಬೇಡ ಅಂದು, ಸ್ಪ್ರೇಗೂ ಬೇಡ ಅಂದು, ಕೊನೆಗೆ ಒಪ್ಪಿದ್ದು ಈ ಬ್ಯಾಟಿಗೆ. ಗಾಳಿಯಲ್ಲಿ ಏನನ್ನೂ ಬಿಡುವುದಿಲ್ಲ ಅನ್ನುವುದೇ ಅದರ ದೊಡ್ಡ ಗುಣ. ಅಂಥದ್ದಕ್ಕೆ ‘ಕೀಟನಾಶಕ’ ಅಂತ ಹೆಸರಿಟ್ಟು ನಾನೇ ಗಿರಾಕಿ ಓಡಿಸಿದೆ.

ಸರಿ, ಕನ್ನಡ ಪದವೇ ಹಾಕೋಣ ಅಂತ ‘ಹುಳ ಹೊಡೆಯುವ ಯಂತ್ರ’ ಅಂತ ತಿದ್ದಿದೆ. ಅಮ್ಮನಿಗೆ ಓದಿ ಹೇಳಿದೆ. ‘ಥೂ, ಬಿಡ್ತು ಅನ್ನು!’ ಅಂದಳು.

ಬೇರೆ ಊರಿನವರಿಗೆ ಇದು ತಕ್ಷಣ ಹೊಳೆಯಲಿಕ್ಕಿಲ್ಲ. ನಮ್ಮ ಕಡೆ ಸುಮ್ನೆ ‘ಹುಳ’ ಅಂದರೆ ರೇಷ್ಮೆ ಹುಳುವೇ. ‘ಹುಳ ಹೆಂಗೈತೆ?’ ಅಂತ ಕೇಳಿದರೆ ಮನೆಮಂದಿ ಹೇಗಿದ್ದಾರೆ ಅಂತ ಕೇಳಿದ ಹಾಗೆ. ‘ಹುಳ ಮೂರನೇ ಜ್ವರಕ್ಕೆ ಕೂತಿದೆ’ ಅಂದರೆ ಪೊರೆ ಬಿಡುವ ಹೊತ್ತು, ಸೊಪ್ಪು ಹಾಕುವ ಹಾಗಿಲ್ಲ. ‘ಹುಳ ಹಣ್ಣಾಗಿದೆ’ ಅಂದರೆ ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟಿಗೆ) ಬಿಡುವ ಹೊತ್ತು. ಸಾವಿರಾರು ಇದ್ದರೂ ಏಕವಚನವೇ, ಗಮನಿಸಿದ್ದೀರಾ? ಉಳಿದವಕ್ಕೆಲ್ಲ ‘ಹುಳ’ಕ್ಕೆ ಮೊದಲು ಒಂದು ಪದ ಬೇಕು: ದೀಪದ ಹುಳ, ಸೊಪ್ಪಿನ ಹುಳ, ಅಕ್ಕಿ ಹುಳ. ಹೀಗಿರುವಾಗ ‘ಹುಳ ಹೊಡೆಯುವ ಯಂತ್ರ’ ಅಂತ ಪ್ರಿಂಟ್ ಹಾಕಿ ಈ ತಾಲ್ಲೂಕಿನಲ್ಲಿ ಹಂಚಿದರೆ ನನ್ನನ್ನೇ ಹೊಡೆಯುತ್ತಾರೆ.

ಮೂರನೆಯದು ‘ನೊಣ ಹೊಡೆಯುವ ಯಂತ್ರ’. ಇದು ಸರಿ ಅಂದುಕೊಂಡೆ. ಈ ಸಲ ಭಾವ ಒಪ್ಪಲಿಲ್ಲ. ‘ಅಂಗಡಿ ಮುಂದೆ ನೊಣ ಹೊಡೆಯೋದು ಅಂತ ಬರೆದು ಕೂತರೆ ಜನ ಏನಂದ್ಕೋತಾರೆ? ವ್ಯಾಪಾರ ಇಲ್ಲ, ಅದನ್ನೇ ಬೋರ್ಡ್ ಹಾಕ್ಕೊಂಡಿದಾನೆ ಅಂತಾರೆ.’ ನಗು ಬಂತು, ಆದರೆ ಮಾತು ಸರಿ. ಆ ನುಡಿಗಟ್ಟು ಅಷ್ಟು ಬೇರೂರಿದೆ.

ನೊಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ 2007ರವರೆಗೆ ಕೋಲಾರಕ್ಕೇ ಸೇರಿತ್ತು. ಈ ಸೀಮೆಯಲ್ಲಿ ಅರ್ಧ ಮನೆಗಳು ಕನ್ನಡ, ತೆಲುಗು ಎರಡೂ ಭಾಷೆಯವು. ನಮ್ಮಜ್ಜಿಗೆ ಸೊಳ್ಳೆ ‘ದೋಮ’, ನೊಣ ‘ಈಗ’. ಊಟಕ್ಕೆ ಕೂತಾಗ ಅಜ್ಜಿ ‘ಈಗ, ಈಗ!’ ಅಂದರೆ ನಾನು ‘ಈಗ ಏನಜ್ಜಿ?’ ಅಂತ ಕೇಳುತ್ತಿದ್ದೆ. ಅಷ್ಟರಲ್ಲಿ ನೊಣ ಸಾರಿಗೆ ಬಿದ್ದಿರುತ್ತಿತ್ತು. ಮೊದಲ ಮಳೆಯ ಸಂಜೆ ಲೈಟಿಗೆ ಮುತ್ತುವ ರೆಕ್ಕೆ ಗೆದ್ದಲಿಗೆ ಅಜ್ಜಿ ‘ಉಸಿಳ್ಳು’ ಅನ್ನುತ್ತಿದ್ದರು, ಅಪ್ಪ ‘ಈಸಲು’ ಅನ್ನುತ್ತಿದ್ದರು. ಪುಸ್ತಕದಲ್ಲಿ ‘ಈಚಲು’ ಅಂತಲೂ ಇದೆ. ನಾನು ಬರೆಯುವ ಚೀಟಿಗೆ ಇದೆಲ್ಲ ಬೇಕಿಲ್ಲ, ನಿಜ. ಆದರೆ ಆ ನೀಲಿ ಪೆಟ್ಟಿಗೆಯ ತಟ್ಟೆಯಲ್ಲಿ ಮಳೆಗಾಲದಲ್ಲಿ ಜಾಸ್ತಿ ಬೀಳುವುದು ಇವೇ.

ಇನ್ನು ನಮ್ಮ ಮನೆಯಲ್ಲಿ ಬ್ಯಾಟು ಬೀಸುವುದು ಹೆಚ್ಚಾಗಿ ಸೊಳ್ಳೆಗಲ್ಲ, ಊಜಿಗೆ. ಊಜಿ ನೊಣ ಅಂದರೆ ರೇಷ್ಮೆಯವರ ಎದೆ ಧಸಕ್ ಅನ್ನುತ್ತದೆ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಹುಳುವಿನ ಒಳಗೆ ಹೋಗುತ್ತದೆ, ಹೋದ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಹುಳು ಗೂಡು ಕಟ್ಟಿದರೂ ಮರಿ ಗೂಡು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಈ ಪೀಡೆ ಮೊದಲು ನಮ್ಮ ರಾಜ್ಯದಲ್ಲಿ ಇರಲಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ತಂದ ಗೂಡಿನ ಜೊತೆ ಬಂತು. ಹೆಸರು ಇನ್ನೂ ದೂರದ್ದು. ಜಪಾನಿ ಭಾಷೆಯಲ್ಲಿ ‘ಉಜಿ’ ಅಂದರೆ ನೊಣದ ಮರಿ. ನಾವು ಎಳೆದು ‘ಊಜಿ’ ಮಾಡಿಕೊಂಡೆವು, ಹಿಂದೆ ‘ನೊಣ’ ಸೇರಿಸಿದೆವು. ಈಗ ಅಮ್ಮನಿಗೆ ಅದು ರಾಗಿ, ಹುರುಳಿಯಷ್ಟೇ ಮನೆಯ ಪದ. ಯಾರೂ ಕೂತು ಕನ್ನಡೀಕರಣ ಮಾಡಲಿಲ್ಲ, ನೋಡಿ. ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಕಟ್ಟುವುದೇ ಊಜಿಗೆ ಮುಖ್ಯ ತಡೆ. ಬಾಗಿಲು ತೆಗೆದಾಗ ನುಸುಳಿದ ಒಂದೆರಡಕ್ಕೆ ಮಾತ್ರ ಬ್ಯಾಟು. ‘ಆ ಸೊಳ್ಳೆ ಬ್ಯಾಟು ತಾರೋ, ಊಜಿ ಬಂದದೆ’ ಅಂತಾಳೆ ಅಮ್ಮ. ಸೊಳ್ಳೆಯ ಬ್ಯಾಟಿನಲ್ಲಿ ನೊಣ ಹೊಡೆಯುತ್ತಿದ್ದೇನೆ ಅಂತ ಅವಳಿಗೆ ಅನ್ನಿಸುವುದೇ ಇಲ್ಲ.

ಹಾಗಾಗಿ ಬ್ಯಾಟಿನ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಸೊಳ್ಳೆ ಪರದೆ, ಸೊಳ್ಳೆ ಬತ್ತಿ, ಸೊಳ್ಳೆ ಬ್ಯಾಟು. ಊದುಬತ್ತಿ ನೋಡಿ ಸೊಳ್ಳೆ ಬತ್ತಿ ಅಂದವರು ಯಾರೋ, ಅವರ ಕೈಗೆ ಮುತ್ತು ಕೊಡಬೇಕು. ಕೆಲವರು ‘ಚೈನಾ ಬ್ಯಾಟ್’ ಅಂತಾರೆ. ಆದರೆ ಇದಕ್ಕೆ 1996ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ತೈವಾನಿನವರು. ಇನ್ನು ‘ರ‍್ಯಾಕೆಟ್’ ಅಂತ ಯಾರೂ ಅನ್ನದೇ ಇದ್ದದ್ದೂ ಒಳ್ಳೆಯದಾಯಿತು. ನಮ್ಮ ಪೇಪರುಗಳಲ್ಲಿ ರ‍್ಯಾಕೆಟ್ ಅಂದರೆ ಪೊಲೀಸರು ಭೇದಿಸುವಂಥದ್ದು. ಗುಂಪಿನಲ್ಲಿ ಹಿಂದೊಮ್ಮೆ ಯಾರೋ ‘ಸೊಳ್ಳೆಬಡಿಗೆ’ ಅಂದ ನೆನಪು. ಚೆನ್ನಾಗಿದೆ, ಆದರೆ ಬಡಿಗೆಯಲ್ಲಿ ತೂಕ ಇದೆ. ಇದು ಬಡಿಯುವುದಿಲ್ಲ, ಸುಮ್ನೆ ಗಾಳಿಯಲ್ಲಿ ಬೀಸಿದರೆ ಸಾಕು. ಮೂರು ಪದರದ ಜಾಲರಿ. ಹೊರಗಿನ ಎರಡೂ ಕರೆಂಟಿನ ಒಂದು ತುದಿಗೆ ಸೇರಿದವು, ನಡುವಿನದು ಇನ್ನೊಂದು ತುದಿಗೆ. ಮಧ್ಯೆ ಸಿಕ್ಕ ಸೊಳ್ಳೆಯ ಮೈಯೇ ತಂತಿ ಆಗಿಬಿಡುತ್ತದೆ, ಚಟ್ ಅನ್ನುತ್ತದೆ.

ನನ್ನ ನಿಜವಾದ ಗೊಂದಲ ಆ ಗೋಡೆ ಪೆಟ್ಟಿಗೆಯದು. ಅದಕ್ಕೆ ‘ಸೊಳ್ಳೆ ಮಿಷನ್’ ಅಂತ ಬರೆದರೆ ಜಾಸ್ತಿ ಮಾರಾಟ ಆಗುತ್ತದೆ, ಭಾವನಿಗೂ ಅದೇ ಇಷ್ಟ. ಆದರೆ ಅದು ಸುಳ್ಳು. ಆ ಟ್ಯೂಬಿನ ನೇರಳಾತೀತ ಬೆಳಕಿಗೆ ನೊಣ, ಪತಂಗ, ಈಸಲು ಬರುತ್ತವೆ. ಸೊಳ್ಳೆ ನಮ್ಮನ್ನ ಹುಡುಕುವುದು ನಾವು ಬಿಡುವ ಉಸಿರಿನಿಂದ, ಮೈಯ ಬಿಸಿಯಿಂದ, ವಾಸನೆಯಿಂದ. ಅಮೆರಿಕದ ಡೆಲವೇರ್‌ನಲ್ಲಿ ಮನೆಗಳ ಹೊರಗೆ ಇಂಥ ಲೈಟು ಹಾಕಿ ಸತ್ತದ್ದನ್ನ ಎಣಿಸಿದ್ದರು. 1996ರಲ್ಲಿ ಅಚ್ಚಾದ ಲೆಕ್ಕ: 13,789 ಕೀಟಗಳಲ್ಲಿ ಕಚ್ಚುವಂಥವು ಬರೀ 31. ಹೊರಗಿನ ಲೆಕ್ಕ ಮನೆಯೊಳಗೆ ಹಾಗೇ ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಇದಕ್ಕೆ ಸೊಳ್ಳೆ ಹೆಸರು ಇಡೋಕೆ ಮನಸ್ಸು ಬರುತ್ತಿಲ್ಲ. ಹೆಸರು ನಂಬಿ ತಗೊಂಡವರು ರಾತ್ರಿಯಿಡೀ ಕಚ್ಚಿಸಿಕೊಂಡು ಬೆಳಿಗ್ಗೆ ಬೈಯುವುದು ಭಾವನನ್ನೇ.

ಹಾರುವ ಹುಳಗಳಿಗೆಲ್ಲ ಒಟ್ಟಾಗಿ ಒಂದು ಪದ ಇದ್ದಿದ್ದರೆ ಸುಲಭ ಆಗುತ್ತಿತ್ತು. ‘ಹಾತೆ’ ಇದೆ, ನಿಘಂಟಿನಲ್ಲಿದೆ, ದೀಪಕ್ಕೆ ಬರುವ ರೆಕ್ಕೆ ಹುಳಕ್ಕೆ ಸರಿಯಾಗಿ ಹೊಂದುತ್ತದೆ. ‘ಹಾತೆ ಪೆಟ್ಟಿಗೆ’ ಅಂತ ಬರೆದು ನಾಲ್ಕು ಜನಕ್ಕೆ ತೋರಿಸಿದೆ. ಇಬ್ಬರು ಅಕ್ಷರ ತಪ್ಪಾಗಿದೆ ಅಂದರು. ‘ಪತಂಗ’ ಅಂದರೆ ಮಕ್ಕಳು ಗಾಳಿಪಟ ಅಂದುಕೊಳ್ಳುತ್ತಾರೆ. ‘ನುಸಿ’ ಇದೆ. ಆದರೆ ತಿಪಟೂರು ಕಡೆ ನುಸಿ ಅಂದರೆ ತೆಂಗಿನಕಾಯಿ ಕೆಡಿಸುವ ನುಸಿ, ಅದಕ್ಕೆ ರೆಕ್ಕೆಯೇ ಇಲ್ಲ. ಕರಾವಳಿಯಲ್ಲಿ ಕೆಲವರು ಸೊಳ್ಳೆಗೇ ನುಸಿ ಅಂತಾರೆ.

ಕ್ರಿಯಾಪದದ್ದು ಇನ್ನೊಂದು ತಮಾಷೆ. ‘ಹೊಡೆ’ ಒಂದೇ ಎಲ್ಲದಕ್ಕೂ ದುಡಿಯುತ್ತದೆ. ಬ್ಯಾಟಿನಲ್ಲಿ ನೊಣ ಹೊಡೆಯುತ್ತೇವೆ. ತೋಟಕ್ಕೆ ಔಷಧಿ ಹೊಡೆಯುತ್ತೇವೆ. ಕರೆಂಟು ನಮಗೇ ಹೊಡೆಯುತ್ತದೆ. ‘ನೊಣಕ್ಕೆ ಕರೆಂಟ್ ಹೊಡೆಸುತ್ತದೆ’ ಅಂತ ಬರೆದರೆ ಅರ್ಥ ಆಗುತ್ತದೆ, ಆದರೆ ಯಾರೋ ಪಕ್ಕದಲ್ಲಿ ನಿಂತು ಹೊಡೆಸಿದ ಹಾಗಿದೆ. ಪೇಪರಿನವರ ‘ವಿದ್ಯುತ್ ತಗುಲಿ’ ನೊಣಕ್ಕೆ ಹಾಕಿದರೆ ಸಾವಿನ ಸುದ್ದಿ ಓದಿದಂತಾಗುತ್ತದೆ. ಸದ್ಯಕ್ಕೆ ‘ಕಂಬಿಗೆ ತಾಗಿದ ನೊಣ ಕರೆಂಟ್ ಹೊಡೆದು ಸಾಯುತ್ತದೆ’ ಅಂತ ಇಟ್ಟಿದ್ದೇನೆ.

ಎಚ್ಚರಿಕೆಯ ಸಾಲುಗಳಲ್ಲೂ ಎರಡು ಕಡೆ ಸಿಕ್ಕಿಕೊಂಡೆ. ‘ಒಳಾಂಗಣ ಬಳಕೆಗೆ ಮಾತ್ರ’ ಅಂತ ಬರೆದಿದ್ದೆ. ಅಮ್ಮ ‘ಅಂಗಳದಲ್ಲಿ ಹಾಕಬೇಕಾ?’ ಅಂದಳು. ಅಂಗಣವೇ ಅಂಗಳ ತಾನೆ, ಅಂಗಳ ಇರುವುದೇ ಮನೆಯ ಹೊರಗೆ. ಒಳಾಂಗಣ ಕ್ರೀಡಾಂಗಣಕ್ಕೆ ಸರಿ, ನಮ್ಮ ಅಡುಗೆಮನೆಗೆ ‘ಮನೆಯೊಳಗೆ ಮಾತ್ರ’ ಸಾಕು ಅಂತ ತಿದ್ದಿದೆ. ಇನ್ನೊಂದು: ಬ್ಯಾಟಿನ ಬಟನ್ ಬಿಟ್ಟ ಮೇಲೂ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಇರುತ್ತದೆ, ಜಾಲರಿ ಮುಟ್ಟಬಾರದು. ‘ಕರೆಂಟ್ ಹಿಡಿದುಕೊಂಡಿರುತ್ತದೆ’ ಅಂದರೆ ಮನುಷ್ಯನನ್ನ ಹಿಡಿದುಕೊಳ್ಳುತ್ತದೆ ಅಂತ ಓದುತ್ತಾರೆ. ‘ಚಾರ್ಜ್ ಉಳಿದಿರುತ್ತದೆ’ ಅಂದರೆ ಮೊಬೈಲಿನ ಹಾಗೆ, ಒಳ್ಳೆಯದೇ ಅಲ್ವಾ ಅಂತಾರೆ! ‘ಬಟನ್ ಬಿಟ್ಟರೂ ಕರೆಂಟ್ ಹೊಡೆಯಬಹುದು’ ಅಂತ ನೇರವಾಗಿ ಬರೆದೆ. ಇದಕ್ಕಿಂತ ಚೆನ್ನಾಗಿ ಹೇಳಲು ಬರುವವರು ತಿದ್ದಿ.

ಈಗ ಕೇಳುವುದು ಇಷ್ಟು. ಆ ನೀಲಿ ಪೆಟ್ಟಿಗೆಗೆ ನಿಮ್ಮೂರಿನ ಬೇಕರಿಯವರು ಏನಂತಾರೆ? ಕೇಳಿ ನೋಡಿ, ನೀವೇ ಕಟ್ಟಿ ಕಳಿಸಬೇಡಿ. ನಮ್ಮ ಬೀದಿಯ ಬೇಕರಿ ಹುಡುಗನನ್ನ ಕೇಳಿದೆ. ಬನ್ನು ಕಟ್ಟುತ್ತಲೇ ‘ಅದಾ ಅಣ್ಣ? ನೊಣದ ಲೈಟು’ ಅಂದ. ಅವನ ಪದದಲ್ಲಿ ಹೊಡೆಯುವುದೂ ಇಲ್ಲ, ಹುಳವೂ ಇಲ್ಲ. ಬೇರೆಲ್ಲೋ ‘ನೊಣದ ಮಿಷನ್’ ಅಂದದ್ದೂ ಕೇಳಿದ್ದೇನೆ. ಕೋಲಾರ, ಮಾಲೂರು, ಮುಳಬಾಗಿಲು ಕಡೆಯವರು, ತುಮಕೂರಿನವರು ದಯವಿಟ್ಟು ಬರೆಯಿರಿ. ತೆಲುಗು ಹೆಸರಾದರೂ ಸರಿ.

ಭಾವನಿಗೆ ಸೋಮವಾರದೊಳಗೆ ಬೇಕಂತೆ. ಅಷ್ಟರಲ್ಲಿ ಏನೂ ಬರದಿದ್ದರೆ ‘ನೊಣದ ಲೈಟು’ ಅಂತಲೇ ಪ್ರಿಂಟಿಗೆ ಕೊಡುತ್ತೇನೆ.